ಸಾಲು ತಪ್ಪಿದ ಪಾತಿ

ನಮ್ಮ ಮನೆಗೆ ಸೊಪ್ಪು ಬರುತ್ತಿದ್ದದ್ದು ಅಜ್ಜಿಯ ಮಡಿಲಲ್ಲಿ. ತ್ಯಾಮಗೊಂಡ್ಲಿನಿಂದ ಎರಡೂವರೆ ಮೈಲಿ ಒಳಗಿದ್ದ ನಮ್ಮೂರು ಮಳೆಯನ್ನೇ ನಂಬಿದ ರಾಗಿಯ ಊರು. ತರಕಾರಿಗೆಂದು ಯಾರೂ ನೆಲ ಬಿಡುತ್ತಿರಲಿಲ್ಲ. ಅಪ್ಪನ ತಾಯಿ ನಂಜಜ್ಜಿ ಬೆಳಗ್ಗೆ ರೊಟ್ಟಿ ತಿಂದು ಹೊರಟಳೆಂದರೆ ಕಂಡವರ ಹೊಲಕ್ಕೆಲ್ಲ ಇಳಿದು, ರಾಗಿ ಸಾಲುಗಳ ನಡುವೆ ತಾನಾಗಿ ಎದ್ದ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕೀರೆ, ಹೊನಗೊನ್ನೆ ಎಲ್ಲದರ ಕುಡಿ ಚಿವುಟಿ ಮಡಿಲು ತುಂಬಿಸಿಕೊಂಡು ಬರುತ್ತಿದ್ದಳು. ಇದಕ್ಕೆ ಬೆರಕೆ ಸೊಪ್ಪು ಎನ್ನುತ್ತಿದ್ದೆವು. ಬಿತ್ತಿದ ಬೆಳೆಗೆ ಕೈ ಹಾಕುವಂತಿಲ್ಲ. ತಾನಾಗಿ ಹುಟ್ಟಿದ ಸೊಪ್ಪನ್ನು ಯಾರ ಹೊಲದಿಂದಲಾದರೂ ಯಾರು ಬೇಕಾದರೂ ಕೊಯ್ಯಬಹುದು, ಕೇಳಬೇಕಾಗಿಲ್ಲ. ನಮ್ಮ ಕಡೆ ಅದು ರೂಢಿ. ಇದರ ಜೊತೆಗೆ ಅಜ್ಜಿಯದೇ ಎರಡು ಕಟ್ಟಳೆಗಳಿದ್ದವು. ಬೇರು ಕೀಳಬಾರದು. ಮನೆಗೆ ಹೊರಡುವ ಮುಂಚೆ ಕೊಯ್ದದ್ದರಲ್ಲಿ ಒಂದು ಹಿಡಿಯನ್ನು ಬದುವಿನ ಮೇಲೆ ಇಟ್ಟು ಬರಬೇಕು. ಯಾರಿಗೆ ಅಂತ ಕೇಳಿದರೆ ಸಿಡುಕುತ್ತಿದ್ದಳು.

“ಕೊಟ್ಟ ನೆಲಕ್ಕೆ ಒಂದಿಡಿ ಬ್ಯಾಡ್ವೇನೇ? ಎಲ್ಲಾ ನಿನ್ ಒಟ್ಟೆಗೇ ಬೇಕಾ?”

ಬಿತ್ತಿದ್ದು ಯಾವುದು, ಹುಟ್ಟಿದ್ದು ಯಾವುದು ಎಂದು ತಿಳಿಯುವುದು ಹೇಗೆ ಎಂಬುದನ್ನೂ ಅವಳೇ ಹೇಳಿಕೊಟ್ಟಿದ್ದಳು. ನಮ್ಮೂರಲ್ಲಿ ಬಿತ್ತನೆಯೆಲ್ಲ ಕೂರಿಗೆಯಲ್ಲಿ. ರಾಗಿಯಾಗಲಿ ಅವರೆಯಾಗಲಿ ಸಾಲು ಹಿಡಿದೇ ಬರಬೇಕು.

“ಸಾಲಲ್ಲಿದ್ರೆ ಬಿತ್ತಿದ್ದು, ಮುಟ್ಬ್ಯಾಡ. ಅಡ್ಡಾದಿಡ್ಡಿ ಇದ್ರೆ ನಮ್ದು, ಚಿವುಟ್ಕೊ. ಅಷ್ಟೇ ಕಣೆ ರತ್ನಿ, ಇನ್ನೇನು ಸ್ಕೂಲ್ಗೋಗಿ ಕಲಿಬೇಕಾ ಇದ್ನ?”

ಮನೆ ದೊಡ್ಡದೇನಲ್ಲ. ಬೀದಿಗೆ ಜಗಲಿ, ಆಮೇಲೆ ಎಮ್ಮೆ ಕಟ್ಟುವ ಅಂಕಣ, ಅದನ್ನು ದಾಟಿದರೆ ನಡುಮನೆ, ಅದರಾಚೆ ಹೊಗೆ ಹಿಡಿದ ಅಡುಗೆಮನೆ, ಹಿಂದೆ ಬಚ್ಚಲು. ನಡುಮನೆಯಲ್ಲಿ ಒಂದೇ ಒಂದು ಬಲ್ಬು ಇತ್ತು. ಸಂಜೆ ಹೊತ್ತು ಊರೆಲ್ಲ ದೀಪ ಹಾಕಿದಾಗ ಅದರ ತಂತಿ ಮಾತ್ರ ಕೆಂಪಗಿರುತ್ತಿತ್ತು. ಊಟಕ್ಕೆ ಮೊದಲು ಅಪ್ಪ, ಆಮೇಲೆ ಅಜ್ಜಿ, ಕೊನೆಗೆ ಅಮ್ಮ ಮತ್ತು ನಾನು. ಬೆರಕೆ ಸೊಪ್ಪಿನ ಕಾಲದಲ್ಲಿ ಈ ಸರದಿಯಿಂದ ಯಾರಿಗೂ ನಷ್ಟವಿರಲಿಲ್ಲ. ಸೊಪ್ಪನ್ನು ಬೇಳೆ ಜೊತೆ ಬೇಯಿಸಿ, ಕಡೆಗೋಲಿನಿಂದ ಮಸೆದು, ಒಂದು ಮಡಕೆ ಮಸ್ಸೊಪ್ಪು ಮಾಡಿದರೆ ಮೇಲಿದ್ದದ್ದೂ ಅದೇ, ತಳದಲ್ಲಿದ್ದದ್ದೂ ಅದೇ. ಕೊನೆಗೆ ಉಂಡವರ ಮುದ್ದೆಗೂ ಅಷ್ಟೇ ಹಸಿರು ಹತ್ತುತ್ತಿತ್ತು.

ತೊಂಬತ್ತರ ದಶಕ ಇನ್ನೂ ಶುರುವಾಗಿರದ ಆ ದಿನಗಳಲ್ಲಿ ಅಪ್ಪನಿಗೆ ತುಮಕೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಕಾಯಂ ಆಯಿತು. ಖಾಕಿ ಪ್ಯಾಂಟು, ಖಾಕಿ ಶರ್ಟು, ಜೇಬಿನ ಮೇಲೆ ಹೊಲಿದ ಗುರುತು. ಅಪ್ಪ ಕೆಟ್ಟವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಖಾಕಿ ಬಟ್ಟೆ ಬಂದ ಮೇಲೆ ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂಬ ಚಿಂತೆ ಅವನಿಗೆ ಅಂಟಿಕೊಂಡಿತು. ಒಂದು ಭಾನುವಾರ ಅವನ ಕಾರ್ಖಾನೆಯ ಸೂಪರ್‌ವೈಸರು ಸ್ಕೂಟರಿನಲ್ಲಿ ನಮ್ಮೂರಿಗೆ ಬಂದ. ಊರ ಬಾಗಿಲಲ್ಲಿ ಯಾರದೋ ಹೊಲದಲ್ಲಿ ಬಗ್ಗಿದ್ದ ಮುದುಕಿಯನ್ನು ಕೂಗಿ, “ಏನಮ್ಮಾ, ರಾಮಣ್ಣನ ಮನೆ ಎಲ್ಲಿ?” ಎಂದು ಕೇಳಿದ. ಅಜ್ಜಿ ಮಡಿಲು ತುಂಬ ಸೊಪ್ಪಿನ ಸಮೇತ ಸ್ಕೂಟರಿನ ಮುಂದೆ ಮುಂದೆ ನಡೆದು ಮನೆ ತೋರಿಸಿದಳು. ಜಗಲಿ ಹತ್ತಿ ಕೂತ ಆ ಮನುಷ್ಯ ಅಪ್ಪನಿಗೆ ಹೇಳಿದ್ದು ಒಂದೇ ಮಾತು:

“ನಿಮ್ಮ ಕೂಲಿಯಮ್ಮ ದಾರಿ ತೋರಿಸಿದ್ರು ಕಣ್ರೀ.”

ಅಪ್ಪ ನಕ್ಕ. ತಿದ್ದಲಿಲ್ಲ. ಸ್ಕೂಟರು ಹೋದ ಮೇಲೆ ಅಡುಗೆಮನೆಗೆ ಬಂದು, ಅಮ್ಮ ಸೋಸುತ್ತಿದ್ದ ಸೊಪ್ಪನ್ನು ಮೊರದ ಸಮೇತ ತಿಪ್ಪೆಗೆ ಸುರಿದ.

“ಇನ್ಮೇಲೆ ಯಾರ ಹೊಲಕ್ಕಾದ್ರೂ ಕಾಲಿಟ್ರೆ ನೋಡವ್ವ. ಸಂಬಳ ತರೋ ಮಗ ಇದ್ದಾನೆ ನಿನಗೆ. ತಿರ್ಕೊಂಡ್ ತಿನ್ನೋ ಗ್ರಾಚಾರ ಏನು?”

“ತಿರ್ಕೊಳೋದಾ? ಲೇ ರಾಮ, ಈ ಸೊಪ್ಪು ತಿಂದೇ ಅಲ್ವೇನ್ಲಾ ನೀನು ಇಷ್ಟುದ್ದ ಆಗಿದ್ದು?”

“ಆಗಿದ್ದಾಯ್ತು. ಸಾಕು.”

ಅಜ್ಜಿ ಮಾತು ಬಿಟ್ಟಳು. ಅವಳು ಮಾತು ಬಿಟ್ಟರೆ ಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿಯಾಗುತ್ತಿತ್ತು.

ಅಲ್ಲಿಂದಾಚೆಗೆ ಅಪ್ಪ ವಾರಕ್ಕೊಮ್ಮೆ ದಾಬಸ್‌ಪೇಟೆಯಿಂದ ಆಲೂಗೆಡ್ಡೆ, ಕೋಸು ತರತೊಡಗಿದ. ಮನೆಗೆ ಬಿಳಿ ಅಕ್ಕಿ ಬಂತು. ನೆಂಟರು ಮೆಚ್ಚಿದರು. ಆದರೆ ಕೋಸಿನ ಪಲ್ಯ ಮಸ್ಸೊಪ್ಪಿನಂತಲ್ಲ. ಅದನ್ನು ಎಣಿಸಿ ಬಡಿಸಬಹುದು. ಬಸ್ಸಿಳಿದು ದಣಿದು ಬಂದವನಿಗೆ ಮೊದಲು, ವಯಸ್ಸಾದವಳಿಗೆ ಆಮೇಲೆ ಎಂದು ಅಮ್ಮ ಬಡಿಸಿ ಮುಗಿಸುವಷ್ಟರಲ್ಲಿ ನಮ್ಮ ಪಾಲಿಗೆ ಅನ್ನ, ತಿಳಿಸಾರು, ಉಪ್ಪಿನಕಾಯಿ. ಅಮ್ಮ ಅದನ್ನು ತ್ಯಾಗವೆಂದೇನೂ ತಿಳಿದಿರಲಿಲ್ಲ. ಹೆಂಗಸರ ಊಟ ಇರುವುದೇ ಹಾಗೆ ಎಂದು ತಿಳಿದಿದ್ದಳು. ನಾನೂ ಹಾಗೆಯೇ ತಿಳಿದಿದ್ದೆ.

ಒಂದು ವರ್ಷ ಹೀಗೇ ಕಳೆದ ಮೇಲೆ ನನಗೆ ಸಂಜೆಗಳು ಕಾಣದಾದವು. ಹಗಲು ಎಲ್ಲ ಸರಿಯಿರುತ್ತಿತ್ತು. ಹೊತ್ತು ಇಳಿದು, ಉಳಿದವರಿಗೆಲ್ಲ ಇನ್ನೂ ಧಾರಾಳವಾಗಿ ಬೆಳಕಿರುವಾಗಲೇ, ನನ್ನ ಮುಂದೆ ಬೂದಿ ಎರಚಿದ ಹಾಗಾಗುತ್ತಿತ್ತು. ಎಮ್ಮೆಯ ಬಾಲ ತುಳಿದೆ. ಹಾಲಿನ ಚೊಂಬು ಒದ್ದೆ. “ಕಣ್ಣೇನು ನೆತ್ತಿ ಮೇಲಿದೆಯೇನೇ?” ಎಂದು ಅಮ್ಮ ತಲೆಗೆ ಮೊಟಕಿದಳು. ನಾನು ಹೇಳಲಿಲ್ಲ. ಕಾರಣವಿತ್ತು. ನಾನಾಗ ನಾಲ್ಕನೇ ಕ್ಲಾಸು, ನಮ್ಮೂರ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಐದಕ್ಕೆ ತ್ಯಾಮಗೊಂಡ್ಲಿಗೆ ನಡೆದು ಹೋಗಬೇಕು, ಶಾಲೆ ಬಿಟ್ಟು ಮನೆ ಸೇರುವಷ್ಟರಲ್ಲಿ ಸಂಜೆಯಾಗುತ್ತದೆ. ಸಂಜೆ ಕಣ್ಣು ಕಾಣದ ಹುಡುಗಿಯನ್ನು ಯಾರು ಕಳಿಸುತ್ತಾರೆ? ಓದು ನಿಂತರೆ ಎಮ್ಮೆ, ಸಗಣಿ, ಆಮೇಲೆ ಮದುವೆ. ನನ್ನ ಚಿಕ್ಕಮ್ಮನಿಗೆ ಆಗಿದ್ದು ಅದೇ. ಹೀಗಾಗಿ ಮನೆಯನ್ನೇ ಎಣಿಸಿ ಇಟ್ಟುಕೊಂಡೆ. ನಡುಮನೆ ಹೊಸ್ತಿಲಿಂದ ಒಲೆಗೆ ಒಂಬತ್ತು ಹೆಜ್ಜೆ, ಒಲೆಯಿಂದ ಬಚ್ಚಲಿಗೆ ಹನ್ನೊಂದು. ಸೊಪ್ಪಿಲ್ಲದೆ ಖಾಲಿ ಬಿದ್ದಿದ್ದ ಅಜ್ಜಿಯ ಬಿದಿರು ಮಂಕರಿ ಒಲೆಯ ಎಡಕ್ಕೆ ಎರಡು ಹೆಜ್ಜೆ. ವಸ್ತು ಇದ್ದ ಜಾಗದಲ್ಲೇ ಇದ್ದರೆ ನನ್ನಷ್ಟು ಚುರುಕಿನ ಹುಡುಗಿ ಊರಲ್ಲೇ ಇರಲಿಲ್ಲ.

ಆ ವರ್ಷವೇ ನಮ್ಮ ಶಾಲೆಗೆ ಕೈತೋಟ ಬಂತು. ಇದ್ದವರು ಒಬ್ಬರೇ ಮೇಷ್ಟ್ರು, ಚಿಕ್ಕಣ್ಣ ಮೇಷ್ಟ್ರು, ತ್ಯಾಮಗೊಂಡ್ಲಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಪ್ರಾರ್ಥನೆಯ ಹೊತ್ತಿಗೆ ಮಕ್ಕಳು ತಲೆಸುತ್ತಿ ಬೀಳುವುದನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ಶಾಲೆಯ ಹಿಂದಿನ ಜಾಗವನ್ನು ಅಗೆಸಿ, ಒಬ್ಬೊಬ್ಬರಿಗೂ ಒಂದೊಂದು ಪಾತಿ ಹಂಚಿ, ಬೆಳೆದದ್ದನ್ನು ಪ್ರತಿ ಶನಿವಾರ ಶಾಲೆಯಲ್ಲೇ ಬೇಯಿಸಿ ತಿನ್ನೋಣ ಎಂದರು. ನೀರಿಗೆ ಒಬ್ಬೊಬ್ಬರೂ ದಿನಾ ಮನೆಯಿಂದ ಒಂದು ಚೊಂಬು ಹೊತ್ತು ತರಬೇಕು. ಇನ್ನೊಂದು ಆಸೆಯೂ ಇತ್ತು: ಇನ್‌ಸ್ಪೆಕ್ಟರ್ ಸಾಹೇಬರು ಬಂದು ತೋಟ ನೋಡಿ ಒಪ್ಪಿದರೆ ಶಾಲೆಗೆ ಒಂದು ಬೋರು ಹಾಕಿಸಿಕೊಡುವ ಮಾತಿತ್ತು.

ಬೀಜ ಬಂದ ದಿನವೇ ನನ್ನ ಗ್ರಹಚಾರ ಕೆಟ್ಟಿತು. ಮೇಷ್ಟ್ರು ನೆಲಮಂಗಲದಿಂದ ಬೀಜದ ಪೊಟ್ಟಣ ಹಿಡಿದು ಬರುವಷ್ಟರಲ್ಲಿ ಶಾಲೆ ಬಿಡುವ ಹೊತ್ತು ಮೀರಿತ್ತು. ಹಿಂದಿನ ದಿನ ಮಳೆಯಾಗಿ ನೆಲ ಹದವಾಗಿದೆ, ಇವತ್ತೇ ಹಾಕಿಬಿಡೋಣ ಎಂದು ಹಟ ಹಿಡಿದರು. ಪಾತಿಗೆ ನಾಲ್ಕು ಸಾಲಿನಂತೆ ಗೂಟ ನೆಟ್ಟು ದಾರ ಎಳೆದು ಕೊಟ್ಟರು. ದಾರದ ಕೆಳಗೆ ಬೆರಳಲ್ಲಿ ಗೀರಿ ಬೀಜ ಬಿಡಬೇಕು. ನನ್ನ ಪಾತಿ ಕಟ್ಟಕಡೆಯದು, ಗೋಡೆಯ ಮಗ್ಗುಲಿನದು. ನನ್ನ ಸರದಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ದಾರ ಎಲ್ಲಿದೆಯೋ, ನೆಲ ಎಲ್ಲಿದೆಯೋ. ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಬಗ್ಗಿದವಳು ಬೀಜವನ್ನೆಲ್ಲ ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ಎರಚಿ, ಮೇಲೆ ಮಣ್ಣೆಳೆದು, ಕೈ ಕೊಡವಿ ಎದ್ದೆ. “ಆಯ್ತು ಸಾರ್” ಎಂದೆ. ಅಷ್ಟು ದೊಡ್ಡ ಸುಳ್ಳನ್ನು ಅದಕ್ಕೆ ಮೊದಲು ಹೇಳಿರಲಿಲ್ಲ.

ಎಲ್ಲರ ಪಾತಿಯಲ್ಲೂ ಗೆರೆ ಎಳೆದಂತೆ ಮೊಳಕೆ ಬಂತು, ನನ್ನದರಲ್ಲಿ ಜಾತ್ರೆ ನೆರೆದಂತೆ. ಯಾರಾದರೂ ಕೇಳಿದರೆ “ಇರುವೆ ಎಳ್ಕೊಂಡೋಯ್ತು ಕಣ್ರೋ” ಎನ್ನುತ್ತಿದ್ದೆ. ಬೀಜ ಕ್ಯಾರೆಟ್ಟಿನದು. ಎಳೆ ಎಳೆಯಾದ ಆ ಎಲೆ ಊರಿನಲ್ಲಿ ಯಾರೂ ನೋಡಿರದಂಥದ್ದು. ಸಂದಿಯಲ್ಲಿ ಅಣ್ಣೆ ಸೊಪ್ಪೂ ಕೀರೆಯೂ ಎದ್ದವು. ಸಾಲಿಲ್ಲದ ಕಡೆ ಕಳೆ ಕೀಳುವುದು ಕಷ್ಟ, ಬಿಟ್ಟೆ. ಆದರೂ ದಿನಾ ನೀರು ಹೊತ್ತು ಹಾಕಿದ್ದಕ್ಕೆ ನನ್ನ ಪಾತಿಯೇ ಎಲ್ಲಕ್ಕಿಂತ ದಟ್ಟವಾಗಿತ್ತು. ಅದರ ಮೇಲೆ ನನಗೆ ಪ್ರೀತಿ ಹುಟ್ಟಿತ್ತು, ಸುಳ್ಳು ಯಾಕೆ ಹೇಳಲಿ.

ಸಾಹೇಬರು ಸೋಮವಾರ ಬರುತ್ತಾರೆ ಎಂದಾಗಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅಜ್ಜಿ ಎಮ್ಮೆ ಹೊಡೆದುಕೊಂಡು ಆ ಕಡೆ ಹೋಗಿದ್ದಾಳೆ. ಮಗ ಹೇಳಿದ್ದು ಯಾರ ಹೊಲಕ್ಕೂ ಕಾಲಿಡಬೇಡ ಅಂತ. ಶಾಲೆ ಯಾರ ಹೊಲವೂ ಅಲ್ಲ. ಒಂದು ವರ್ಷದಿಂದ ಸೊಪ್ಪು ಚಿವುಟದ ಬೆರಳು. ಸಾಲಿದ್ದ ಪಾತಿಗಳ ಒಂದೆಲೆಯನ್ನೂ ಮುಟ್ಟಲಿಲ್ಲ. ಗೋಡೆ ಮಗ್ಗುಲಲ್ಲಿ ಅಡ್ಡಾದಿಡ್ಡಿ ಬೆಳೆದಿದ್ದನ್ನು ಮಾತ್ರ ಮೂಲೆಯಿಂದ ಮೂಲೆಗೆ ಚಿವುಟಿ ಮಡಿಲಿಗೆ ಹಾಕಿಕೊಂಡಳು. ಬೇರು ಕೀಳಲಿಲ್ಲ. ಪಾತಿಯ ಅಂಚಿನಲ್ಲಿ ಒಂದು ಹಿಡಿ ಸೊಪ್ಪು ಇಟ್ಟು ಬಂದಳು.

ಆ ಒಂದು ಹಿಡಿಯೇ ಅವಳನ್ನು ಹಿಡಿದುಕೊಟ್ಟಿತು. ಸೋಮವಾರದ ಸಿದ್ಧತೆಗೆಂದು ಭಾನುವಾರ ಸಂಜೆ ಬಂದ ಮೇಷ್ಟ್ರು ಬೋಳಾದ ಪಾತಿ ನೋಡಿ, ಅಂಚಿನ ಬಾಡಿದ ಸೊಪ್ಪು ನೋಡಿ, ದಾರಿಯಲ್ಲಿ ಸಿಕ್ಕ ಯಾರನ್ನೋ ವಿಚಾರಿಸಿದ್ದಾರೆ. ಹೀಗೆ ಸೊಪ್ಪು ಬಿಟ್ಟು ಬರುವವರು ಊರಿಗೆ ಒಬ್ಬರೇ. ಮೇಷ್ಟ್ರ ಸೈಕಲ್ಲು ನೇರ ನಮ್ಮ ಜಗಲಿಗೆ ಬಂತು. ಅಪ್ಪ ಮನೆಯಲ್ಲೇ ಇದ್ದ.

“ರಾಮಣ್ಣೋರೇ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ತಾಯಿಯೋರು ಸ್ಕೂಲ್ ತೋಟದಾಗೆ ಕೈಯಾಡ್ಸಿದ್ದಾರೆ. ನಾಳೆ ಸಾಹೇಬರು ಬರ್ತಾರೆ, ನಾನೇನು ಉತ್ತರ ಕೊಡ್ಲಿ ಹೇಳಿ.”

ಅಪ್ಪನ ಮುಖ ಇಳಿಯಿತು. ನಡುಮನೆಗೆ ಬಂದು ಒದರಿದ.

“ಅವ್ವಾ! ಮಕ್ಕಳು ಬೆಳ್ದಿದ್ದನ್ನ ಕದ್ಯೋಕ್ ಹೋಗಿದ್ದಾ? ನನ್ ಮಾನ ತೆಗೀಬೇಕು ಅಂತ್ಲೇ ಹುಟ್ಟಿದ್ದೀಯಾ?”

ಕದಿಯುವುದು ಎಂಬ ಮಾತು ಅಜ್ಜಿಗೆ ತಾಗಿತು. ತಾನೇ ಜಗಲಿಗೆ ಬಂದು ನಿಂತಳು.

“ಅಲ್ಲ ಕಣಪ್ಪ ಮೇಷ್ಟ್ರೇ, ಸಾಲಲ್ಲಿದ್ದಿದ್ದು ಒಂದಾದ್ರೂ ಮುಟ್ಟಿದ್ದೀನಾ, ಎಣ್ಸಿ ನೋಡು. ಆ ಮೂಲೇಲಿ ಸಾಲೇ ಇರ್ಲಿಲ್ಲ. ಯಾರೋ ಸಬ್ಬಸಿಗೆ ಬೀಜ ಚೆಲ್ಲವ್ರೆ, ಅಣ್ಣೆ ಸೊಪ್ಪಿನ ಜೊತೆ ಎದ್ದದೆ ಅಂದ್ಕೊಂಡೆ. ಬಿತ್ತಿದ್ದು ಸಾಲಲ್ಲಿರಲ್ವಾ? ಸಾರು ಮಾಡ್ದಾಗ್ಲೇ ಅನ್ನಿಸ್ತು, ಇದೇನಿದು ಸಬ್ಬಸಿಗೆ ವಾಸ್ನೇನೇ ಇಲ್ವಲ್ಲ ಅಂತ.”

ಶನಿವಾರ ಸಂಜೆ ಅಪ್ಪನ ಬಸ್ಸು ಬರುವ ಮುಂಚೆಯೇ ಆ ಮಸ್ಸೊಪ್ಪನ್ನು ಎರಡು ಸಲ ಹಾಕಿಸಿಕೊಂಡು ಉಂಡಿದ್ದೆ. ನನ್ನ ಪಾತಿಯನ್ನು ನಾನೇ ತಿಂದದ್ದು ಗೊತ್ತಾಗಿ ಅಲ್ಲೇ ಅಳು ಬಂತು.

“ಅದು ಕ್ಯಾರೆಟ್ಟು ಕಣಜ್ಜಿ, ನಿಮ್ ರತ್ನಂದೇ ಪಾತಿ,” ಎಂದ ಮೇಷ್ಟ್ರು ನನ್ನ ಕಡೆ ತಿರುಗಿದರು. “ದಾರ ಕಟ್ಟಿಕೊಟ್ಟಿದ್ನಲ್ಲಮ್ಮ. ಎಲ್ಲಾರೂ ಸಾಲಲ್ಲಿ ಹಾಕಿದ್ರೆ ನೀನೊಬ್ಳು ಯಾಕೆ ಚೆಲ್ದೆ?”

“ಇರುವೆ, ಸಾರ್...”

“ನಾಲ್ಕು ಸಾಲೂ ಇರುವೆ ಎಳೀತಾ?”

ಅಪ್ಪ ನನಗೂ ಬೈಯತೊಡಗಿದ. ಅಜ್ಜಿ ಮಾತ್ರ ಬೈಗುಳ ಕೇಳಿಸಿಕೊಳ್ಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳಂತೆ, ಇದು ಆಮೇಲೆ ಅಮ್ಮ ಹೇಳಿದ್ದು. ಹೊತ್ತು ಮುಳುಗಿದ್ದರೂ ಜಗಲಿಯಲ್ಲಿ ಇನ್ನೂ ಬೆಳಕಿತ್ತಂತೆ. ನನಗೆ ಮೂವರೂ ಬರಿ ದನಿಗಳಾಗಿದ್ದರು. ಅಜ್ಜಿ ಒಳಗೆ ಹೋಗಿ ಬಂದಳು. ಬಳೆ ಸದ್ದು ಕೇಳಿತು.

“ರತ್ನಿ, ಸೊಪ್ಪಿನ ಮಂಕರಿ ತತ್ತಾ ಮಗ.”

ಹೊಸ್ತಿಲಿಂದ ಒಂಬತ್ತು ಹೆಜ್ಜೆ, ಎಡಕ್ಕೆ ಎರಡು. ಯಾರೂ ತಪ್ಪು ಹುಡುಕದಂತೆ ಸರಸರನೆ ಹೋದೆ. ಬಗ್ಗಿ ಕೈ ಚಾಚಿದೆ. ನೆಲ ಸಿಕ್ಕಿತು. ಇನ್ನೊಂದಿಷ್ಟು ತಡಕಿದೆ. ಗೋಡೆ ಸಿಕ್ಕಿತು. ಅಜ್ಜಿ ಮಂಕರಿಯನ್ನು ತಂದು ನಡುಮನೆಯ ನಟ್ಟನಡುವೆ, ಬಲ್ಬಿನ ಕೆಳಗೇ ಇಟ್ಟಿದ್ದಳು. ನಾನು ಅದರ ಪಕ್ಕದಲ್ಲೇ ಹಾದು ಹೋಗಿದ್ದೆ. ಬಾಗಿಲಲ್ಲಿ ಅಪ್ಪ, ಅಮ್ಮ, ಮೇಷ್ಟ್ರು ನಿಂತು ನೋಡುತ್ತಿದ್ದರು. ಅಮ್ಮ “ಅಯ್ಯೋ ಶಿವನೇ” ಎಂದಳು. ಅಪ್ಪ ಬೈಯುವುದನ್ನು ಯಾವಾಗ ನಿಲ್ಲಿಸಿದನೋ ನನಗೆ ತಿಳಿಯಲಿಲ್ಲ.

ಅಜ್ಜಿ ಬಂದು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು.

“ಸಾಲು ಕಾಣ್ಲಿಲ್ವಾ ಮಗ ನಿಂಗೆ?”

ಇಲ್ಲ ಎಂದು ತಲೆಯಾಡಿಸಿದೆ. ಆಮೇಲೆ ನನಗೆ ಗೊತ್ತಿದ್ದದ್ದು ಒಂದೇ ಪ್ರಶ್ನೆ, ಅದನ್ನು ಅಪ್ಪನ ದನಿ ಇದ್ದ ಕಡೆ ತಿರುಗಿ ಕೇಳಿದೆ.

“ಐದನೇ ಕ್ಲಾಸಿಗೆ ಕಳ್ಸಲ್ವಾ ಅಪ್ಪ?”

ಉತ್ತರ ಕೊಟ್ಟವಳು ಅಜ್ಜಿ, ಅದೂ ನನಗಲ್ಲ.

“ಇರುಳುಗಣ್ಣು ಕಣ್ಲಾ ಇದು. ಬರಗಾಲ್ದಾಗೆ ನಮ್ಮ ತಂಗೀಗೆ ಬಂದಿತ್ತು. ತಿಪ್ಪೆಗೆ ಸುರಿದ್ಯಲ್ಲ ಸೊಪ್ಪು, ಅದ್ರ ಜೊತೆ ಇದ್ರ ಕಣ್ಣೂ ಸುರಿದೆ.”

ಆ ಮಾತು ಅತಿಯಾಯಿತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು, “ನಾಳೆಯೇ ನರ್ಸಮ್ಮನಿಗೆ ತೋರಿಸಿ, ವಾಸಿಯಾಗೋ ಕಾಯಿಲೆ” ಎಂದು ಹೇಳಿ, ಸೈಕಲ್ಲು ತಳ್ಳಿಕೊಂಡು ಹೋದರು. ಬಂದ ಕೆಲಸವನ್ನು ಮರೆತೇಬಿಟ್ಟಿದ್ದರು.

ನರ್ಸಮ್ಮ ನನ್ನ ಕಣ್ಣು ಅಗಲಿಸಿ ನೋಡಿ, ಎಣ್ಣೆಯಂಥ ಔಷಧಿ ಕೊಟ್ಟು, “ಇದನ್ನ ಕುಡಿಸಿ, ಸೊಪ್ಪು ತಿನ್ನಿಸಿ” ಎಂದಳು. ಅಜ್ಜಿಗೆ ಎರಡನೆಯ ಮಾತು ಮಾತ್ರ ಕೇಳಿಸಿತು. ಕೊನೆಯವರೆಗೂ ತನ್ನ ಸೊಪ್ಪೇ ನನ್ನ ಕಣ್ಣು ತಂದದ್ದು ಎಂದು ಸಾಧಿಸಿದಳು. ನಾನು ಅದರ ಶ್ರೇಯವನ್ನು ನರ್ಸಮ್ಮನಿಗೂ ಅಜ್ಜಿಗೂ ಅರ್ಧರ್ಧ ಹಂಚಿದ್ದೇನೆ. ಸಾಹೇಬರು ಸೋಮವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಅವರು ಬರುವಷ್ಟರಲ್ಲಿ ಬೇರು ಕೀಳದೆ ಬಿಟ್ಟಿದ್ದ ನನ್ನ ಪಾತಿ ಮತ್ತೆ ಚಿಗುರಿತ್ತು. ಕ್ಯಾರೆಟ್ಟು ಕಿರುಬೆರಳ ಗಾತ್ರದ್ದು, ಸೊಟ್ಟ. ಮೇಷ್ಟ್ರು ಇನ್ನೊಂದು ಕೆಲಸ ಮಾಡಿದರು: ಗೋಡೆ ಮಗ್ಗುಲಲ್ಲಿ ನನ್ನ ಪಾತಿಯ ಪಕ್ಕ ಇನ್ನೊಂದು ಪಾತಿ ಮಾಡಿಸಿ, ಅದರಲ್ಲಿ ಏನೂ ಬಿತ್ತದೆ, ಕಳೆ ಎಂದು ಕೀಳದೆ, ಬಂದದ್ದನ್ನು ಬರಲು ಬಿಟ್ಟು, ಶನಿವಾರ ಅಜ್ಜಿಯನ್ನು ಕರೆಸಿ ಯಾವುದು ತಿನ್ನುವುದು, ಯಾವುದು ಬಿಡುವುದು ಎಂದು ಮಕ್ಕಳಿಗೆ ಹೇಳಿಸಿದರು. ಆ ಪಾತಿ ಯಾರದು ಎಂದು ಸಾಹೇಬರು ಕೇಳಿದಾಗ ಅಜ್ಜಿಯನ್ನು ತೋರಿಸಿದರಂತೆ. ಬೋರು ಮಾತ್ರ ಬರಲೇ ಇಲ್ಲ; ಚೊಂಬಿನ ನೀರಲ್ಲೇ ತೋಟ ನಡೆಯಿತು. ಪ್ರತಿ ಶನಿವಾರ ಶಾಲೆಯ ಹಿಂದೆ ಮೂರು ಕಲ್ಲಿನ ಒಲೆಯ ಮೇಲೆ ಮಸ್ಸೊಪ್ಪು ಬೇಯುತ್ತಿತ್ತು.

ಅಪ್ಪ ಆ ಸಂಜೆಯ ಬಗ್ಗೆ ಮತ್ತೆ ಮಾತಾಡಲಿಲ್ಲ. ಅಜ್ಜಿಗೆ ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ; ಅಜ್ಜಿ ಹೋಗುತ್ತಿದ್ದಳು. ಊಟಕ್ಕೆ ಕೂತರೆ ಮಾತ್ರ ನಾನು ಬಂದು ಪಕ್ಕದಲ್ಲಿ ಕೂರುವವರೆಗೂ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ಐದನೇ ಕ್ಲಾಸಿನ ಪ್ರಶ್ನೆಗೆ ಉತ್ತರ ಹಾಗೇ ಉಳಿದಿತ್ತು. ದಸರಾ ರಜೆ ಮುಗಿದ ಮೇಲೆ ಅಜ್ಜಿ ಜ್ವರ ಬಂದು ಮಲಗಿದಳು, ನಾಲ್ಕು ದಿನ ಸೊಪ್ಪಿಲ್ಲ. ಐದನೆಯ ದಿನ ಅಪ್ಪನ ಬಸ್ಸು ಬರುವ ಹೊತ್ತು ಮೀರಿದರೂ ಅವನು ಬರಲಿಲ್ಲ. ಹೊತ್ತು ಮುಳುಗಿತ್ತು. ನಾನು ಊರ ಬಾಗಿಲವರೆಗೆ, ಕಾಲಲ್ಲಿ ದಾರಿ ತಡಕಿಕೊಂಡು, ನಡೆದು ಹೋಗಿ ನಿಂತೆ. ದಾರಿಯ ಪಕ್ಕದ ರಾಗಿ ಹೊಲದಲ್ಲಿ ಯಾರೋ ಬಗ್ಗಿದ್ದರು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಸಂಜೆಯಲ್ಲಿ ನನಗೆ ಕಾಣತೊಡಗಿತು: ಬೂದಿ ಬಣ್ಣದೊಳಗಿಂದ ಮೊದಲು ಬೆನ್ನು, ಆಮೇಲೆ ಖಾಕಿ ಶರ್ಟು, ಆಮೇಲೆ ಬದುವಿನ ಮೇಲಿಟ್ಟ ಟಿಫನ್ ಕ್ಯಾರಿಯರ್ರು. ಅಪ್ಪ ಸೊಪ್ಪು ಕೊಯ್ಯುತ್ತಿದ್ದ. ಬೆರಳಿಗೆ ರೂಢಿ ತಪ್ಪಿತ್ತು, ಬೇರು ಸಮೇತ ಬಂದರೆ ಮಣ್ಣಿಗೆ ಮತ್ತೆ ಒತ್ತುತ್ತಿದ್ದ. ಕೈಚೀಲ ತುಂಬಿದ ಮೇಲೆ ಒಂದು ಹಿಡಿಯನ್ನು ತೆಗೆದು ಬದುವಿನ ಮೇಲೆ ಇಟ್ಟ. ಇಟ್ಟವನು ಯಾರಾದರೂ ನೋಡಿಬಿಟ್ಟರಾ ಎಂದು ಸುತ್ತ ಕಣ್ಣಾಡಿಸಿದ. ದಾರಿಯ ಆ ಕಡೆ ನೋಡಿದ, ಈ ಕಡೆ ನೋಡಿದ, ನನ್ನನ್ನೂ ನೋಡಿದ. ಆ ಹೊತ್ತಿನಲ್ಲಿ ನನಗೆ ಕಾಣಿಸುವುದಿಲ್ಲ ಎಂಬ ಧೈರ್ಯದಲ್ಲಿ, ಮತ್ತೆ ಬಗ್ಗಿದ.